ಬಿಚ್ಚಿ ಹೊಲಿದ ಸೀಟು

ಕಂತು ಐದು

ಮೂರನೆಯ ಕಾರಿನ ಹೊಲಿಗೆಯೂ ಅದೇ ಕೈಯದು.

ಸರ್ವೇಯರ್ ಡ್ರೈವರ್ ಸೀಟಿನ ಪಕ್ಕ ಮಂಡಿಯೂರಿ, ಟಾರ್ಚನ್ನು ಹಲ್ಲಿನ ನಡುವೆ ಕಚ್ಚಿಕೊಂಡು, ಸೀಟಿನ ಅಡಿಯ ಕಪ್ಪು ಬಟ್ಟೆಯ ಮೇಲೆ ಬೆರಳಾಡಿಸಿದರು. ಒಂದು ಗೇಣುದ್ದ ಬಿಚ್ಚಿದ್ದಾರೆ. ಒಳಗೆ ಕೈ ಹಾಕಿ ತಡಕಾಡಿದ್ದಾರೆ. ಆಮೇಲೆ ಸೂಜಿ ದಾರ ತೆಗೆದು ಮತ್ತೆ ಹೊಲಿದಿದ್ದಾರೆ. ಒತ್ತೊತ್ತಾದ, ಒಂದೇ ಅಳತೆಯ ಸಣ್ಣ ಹೊಲಿಗೆ. ಗಂಟು ಕೂಡ ಕಾಣದಂತೆ ಒಳಕ್ಕೆ ಸೇರಿಸಿದ್ದಾರೆ.

ಕದಿಯಲು ಬಂದವರು ಹರಿದದ್ದನ್ನು ಹೊಲಿದು ಹೋಗುವುದನ್ನು ಅವರು ತಮ್ಮ ಮೂವತ್ತೊಂದು ವರ್ಷದ ಕೆಲಸದಲ್ಲಿ ಕಂಡಿರಲಿಲ್ಲ.

“ಏನಾದ್ರೂ ಹೋಗಿದೆಯಾ ಸಾರ್?” ಬಾಗಿಲಿಗೆ ಒರಗಿ ನಿಂತಿದ್ದ ಮ್ಯಾನೇಜರ್ ಕೇಳಿದ.

“ಇಲ್ಲ. ಸ್ಟೀರಿಯೋ ಇದೆ, ಸ್ಟೆಪ್ನಿ ಇದೆ. ಜಾಕ್ ಕೂಡ ಇದ್ದಲ್ಲೇ ಇದೆ.”

“ಅದೇ ನನಗೆ ತಲೆಬಿಸಿ. ಏನಾದ್ರೂ ಹೋಗಿದ್ರೆ ಪೊಲೀಸ್ ಕಂಪ್ಲೇಂಟ್ ಕೊಡ್ತಿದ್ದೆ. ಏನೂ ಹೋಗಿಲ್ಲ, ಮೇಲಿಂದ ಹೊಲಿದುಕೊಟ್ಟು ಹೋಗಿದಾರೆ ಅಂದ್ರೆ ಸ್ಟೇಷನ್‌ನಲ್ಲಿ ಬಿದ್ದು ಬಿದ್ದು ನಗ್ತಾರೆ.”

ಹಳೆಯ ಕಾರು ತೆಗೆದುಕೊಂಡು ಹೊಸದು ಕೊಡುವ ಆ ಮಳಿಗೆಯ ಹಿಂದಿನ ಅಂಗಳದಲ್ಲಿ, ಎರಡು ವಾರದೊಳಗೆ, ಹೀಗೆ ಮೂರು ಕಾರುಗಳ ಸೀಟು ಬಿಚ್ಚಿ ಹೊಲಿಯಲಾಗಿತ್ತು. ಮೂರೂ ಒಂದೇ ಮಾಡೆಲ್, ಮೂರೂ ಬೂದು ಬಣ್ಣ. ವಿಮಾ ಕಂಪನಿಯಲ್ಲಿ ಜಖಂ ಆದ ಗಾಡಿಗಳನ್ನು ಪರೀಕ್ಷಿಸಿ ವರದಿ ಬರೆಯುತ್ತಿದ್ದ ಸರ್ವೇಯರ್ ನಿವೃತ್ತರಾದ ಮೇಲೂ, ಇಂಥ ಅರ್ಥವಾಗದ ಸಂಗತಿಗಳಿಗೆ ಜನ ಅವರನ್ನೇ ಹುಡುಕಿಕೊಂಡು ಬರುತ್ತಿದ್ದರು. ಬೇಡ ಎನ್ನಲು ಅವರಿಗೂ ಬೇರೆ ಕೆಲಸವಿರಲಿಲ್ಲ.

ಅವರು ಎದ್ದು, ಸೊಂಟ ಹಿಡಿದುಕೊಂಡು, ಡ್ರೈವರ್ ಸೀಟಿನಲ್ಲಿ ಕೂರಲು ಹೋದರು. ಮೊಣಕಾಲು ಸ್ಟೀರಿಂಗಿಗೆ ಬಡಿಯಿತು.

“ಈ ಸೀಟನ್ನ ಮುಂದಕ್ಕೆ ಎಳೆದೋರು ಯಾರು?”

“ನಾವ್ಯಾರೂ ಅಲ್ಲ ಸಾರ್.”

“ಕನ್ನಡಿ ನೋಡು. ಕೆಳಕ್ಕೆ ತಿರುಗಿದೆ. ಇಲ್ಲಿ ಕೂತೋರು ಕುಳ್ಳಗಿದಾರೆ. ಕೂತಿದ್ದು ಸ್ವಲ್ಪ ಹೊತ್ತಲ್ಲ, ಕನ್ನಡಿ ಸರಿಮಾಡಿಕೊಳ್ಳೋವಷ್ಟು ಹೊತ್ತು.”

ಮ್ಯಾನೇಜರ್ ಕಾರಿನೊಳಗೆ ಇಣುಕಿ, ತಾನೂ ಈಗಷ್ಟೇ ಕಂಡವನಂತೆ ತಲೆಯಾಡಿಸಿದ. ಕೆಲಸದ ಹೊತ್ತಿನಲ್ಲಿ ಅಂಗಳದ ಕಾರುಗಳಿಗೆ ಬೀಗ ಹಾಕುವ ರೂಢಿ ಇರಲಿಲ್ಲ. ಗ್ರಾಹಕರು ಬಂದು ಕೂತು ನೋಡಲಿ ಎಂದು ಬಾಗಿಲು ತೆರೆದೇ ಇರುತ್ತಿದ್ದವು. ಒಂದರಿಂದ ಎರಡು ಗಂಟೆಯವರೆಗೆ ಎಲ್ಲರೂ ಊಟಕ್ಕೆ ಹೋಗುತ್ತಿದ್ದರು. ನಡೆದದ್ದೆಲ್ಲ ಆ ಒಂದು ಗಂಟೆಯಲ್ಲಿ.

“ನನಗೆ ಅನುಮಾನ ಇರೋದು ಒಬ್ಬನ ಮೇಲೆ,” ಎಂದು ಮ್ಯಾನೇಜರ್ ದನಿ ತಗ್ಗಿಸಿದ. “ಸೀಟ್ ಮೇಸ್ತ್ರಿ. ಇಲ್ಲಿ ಸೂಜಿ ದಾರ ಮುಟ್ಟೋನು ಅವನೊಬ್ಬನೇ.”

ಸೀಟ್ ಮೇಸ್ತ್ರಿಯ ಶೆಡ್ಡು ಅಂಗಳದ ಮೂಲೆಯಲ್ಲಿತ್ತು. ಒಳಗೆ ಹಳೆಯ ಸೀಟುಗಳು ಸೂರಿನವರೆಗೂ ಪೇರಿಸಿಕೊಂಡು ನಿಂತಿದ್ದವು. ಮೇಸ್ತ್ರಿ ಆರಡಿ ಮನುಷ್ಯ. ಹೊಲಿಗೆ ಮಷಿನ್ನಿನ ಮುಂದೆ ಮಡಚಿ ಇಟ್ಟಂತೆ ಕೂತಿದ್ದ.

“ನಿನ್ನ ಹೊಲಿಗೆನಾ ಇದು?” ಸರ್ವೇಯರ್ ತಮ್ಮ ಫೋನಿನಲ್ಲಿ ತೆಗೆದ ಚಿತ್ರ ತೋರಿಸಿದರು.

ಮೇಸ್ತ್ರಿ ಕನ್ನಡಕ ಏರಿಸಿ ನೋಡಿದ. “ಇಷ್ಟು ಚೆನ್ನಾಗಿ ಕೈಹೊಲಿಗೆ ಬಂದಿದ್ರೆ ನಾನು ಈ ಶೆಡ್ಡಲ್ಲಿ ಯಾಕೆ ಕೂತಿರ್ತಿದ್ದೆ ಸಾರ್? ನಂದೇನಿದ್ರೂ ಮಷಿನ್ನು.”

“ಸರಿ. ಇನ್ನೊಂದು ಕೇಳ್ತೀನಿ, ಮುಚ್ಚಿಡದೆ ಹೇಳು. ಆ ಮೂರು ಕಾರಿನಲ್ಲಿ ಎರಡರ ಸೀಟ್ ಬೋಲ್ಟು ನೋಡಿದೆ. ತಲೆ ಮೇಲಿನ ಪೇಂಟು ಎದ್ದು ಹೋಗಿದೆ. ಸ್ಪ್ಯಾನರ್ ಗುರುತು ಹೊಸದು. ಸೀಟು ಬಿಚ್ಚಿ ಬೇರೆ ಹಾಕಿದೀರಿ.”

ಮೇಸ್ತ್ರಿ ಮ್ಯಾನೇಜರನ ಮುಖ ನೋಡಿದ. ಮ್ಯಾನೇಜರ್ ಸೂರು ನೋಡಿದ.

“ಬೇಗ ಮಾರಾಟ ಆಗೋ ಗಾಡಿಗೆ ಒಳ್ಳೇ ಸೀಟು ಹಾಕ್ತೀವಿ ಸಾರ್,” ಎಂದ ಮೇಸ್ತ್ರಿ ಕೊನೆಗೆ. “ಅದರ ಸೀಟು ಇದಕ್ಕೆ, ಇದರದು ಅದಕ್ಕೆ. ಒಂದೇ ಮಾಡೆಲ್ ಆದ್ರೆ ಅಳತೆ ಒಂದೇ ಇರುತ್ತಲ್ಲ.”

“ಎಲ್ಲಾ ಕಡೆ ನಡೆಯೋದೇ,” ಎಂದು ಮ್ಯಾನೇಜರ್ ಗೊಣಗಿದ.

ಸರ್ವೇಯರ್ ಫೋನನ್ನು ಜೇಬಿಗೆ ಹಾಕಿಕೊಂಡರು. ಯಾರೋ ಹುಡುಕುತ್ತಿರುವುದು ಕಾರನ್ನಲ್ಲ, ಸೀಟನ್ನು. ಆ ಸೀಟು ಯಾವ ಕಾರಿಗೆ ಹೋಗಿದೆ ಎಂಬುದು ಹುಡುಕುವವರಿಗೇ ಗೊತ್ತಿಲ್ಲ. ಅಷ್ಟು ಖಚಿತವಾಯಿತು.

“ಕುಳ್ಳಗಿರೋರು, ಇಲ್ಲಿಗೆ ಆಗಾಗ ಬರೋರು ಯಾರಾದ್ರೂ ಇದಾರಾ?”

ಮ್ಯಾನೇಜರ್ ನಕ್ಕ. “ಒಬ್ಬರಿದಾರೆ. ‘ನೋಡೋಣಮ್ಮ’ ಅಂತ ನಾವೇ ಹೆಸರಿಟ್ಟಿದೀವಿ. ವಾರಕ್ಕೆ ಎರಡು ಮೂರು ಸಲ ಬರ್ತಾರೆ. ಬೂದು ಕಾರು ತೋರಿಸಿ ಅಂತಾರೆ, ಕೂತು ನೋಡ್ತಾರೆ, ‘ನೋಡೋಣಪ್ಪ’ ಅಂದು ಹೋಗ್ತಾರೆ. ಪಾಪ, ಯಜಮಾನರು ತೀರಿಕೊಂಡಿದಾರೆ. ಅವರು ಕಳ್ಳತನ ಮಾಡ್ತಾರಾ ಸಾರ್, ಇರುವೆ ತುಳಿಯೋಕೂ ಹೆದರೋ ಥರ ಇದಾರೆ.”

“ನನ್ನ ಕಾರೂ ಇದೇ ಮಾಡೆಲ್ಲು, ಇದೇ ಬಣ್ಣ,” ಎಂದರು ಸರ್ವೇಯರ್. “ಇವತ್ತು ಅದನ್ನ ಈ ಸಾಲಿನಲ್ಲಿ ನಿಲ್ಲಿಸ್ತೀನಿ. ಬರೋರು ಬರಲಿ.”

“ಸುಮ್ಮನೆ ಯಾಕೆ ನಿಲ್ಲಿಸ್ತೀರಿ, ಎಕ್ಸ್‌ಚೇಂಜ್‌ಗೇ ಹಾಕಿಬಿಡಿ,” ಎಂದ ಮ್ಯಾನೇಜರ್. ಅವನು ಮೊದಲು ವ್ಯಾಪಾರಿ, ಉಳಿದದ್ದೆಲ್ಲ ಆಮೇಲೆ.

ಅದೇನೂ ಹೊಸ ಮಾತಲ್ಲ. ನಾಲ್ಕು ತಿಂಗಳಿಂದ ಸರ್ವೇಯರ್ ಅದನ್ನೇ ತಲೆಯಲ್ಲಿಟ್ಟುಕೊಂಡು ತಿರುಗುತ್ತಿದ್ದರು. ಕಾರಿಗೆ ಹನ್ನೊಂದು ವರ್ಷ. ಎರಡನೆಯ ಗೇರು ಒಮ್ಮೊಮ್ಮೆ ಬೀಳುವುದಿಲ್ಲ. ಚಳಿಗೆ ಬೆಳಿಗ್ಗೆ ಮೂರು ಸಲ ಕೆಮ್ಮದೆ ಎಂಜಿನ್ ಏಳುವುದಿಲ್ಲ. ಅಕ್ಕ ಪ್ರತಿ ಭಾನುವಾರ ಫೋನ್ ಮಾಡಿ ಕಾರಿನ ಆರೋಗ್ಯ ವಿಚಾರಿಸುತ್ತಿದ್ದಳು. ಇವತ್ತು ಭಾನುವಾರವಲ್ಲದಿದ್ದರೂ ಬೆಳಿಗ್ಗೆಯೇ ಮಾಡಿದ್ದಳು.

“ಕೊಟ್ಟುಬಿಡೋ ಅದನ್ನ. ಒಬ್ಬನೇ ಓಡಾಡೋನು. ದಾರಿ ಮಧ್ಯೆ ಕೆಟ್ಟು ನಿಂತ್ರೆ ಯಾರಿಗೆ ಫೋನ್ ಮಾಡ್ತೀಯ?”

“ನಿನಗೇ.”

“ನಾನು ಆರು ಗಂಟೆ ದೂರದಲ್ಲಿದೀನಿ ಕಣೋ.”

“ಹಾಗಾದ್ರೆ ಆರು ಗಂಟೆ ಕಾಯ್ತೀನಿ. ನನಗೇನು ಅವಸರ?”

ಅಕ್ಕ, ನೀನು ಹೀಗೆಲ್ಲ ಮಾತಾಡಬೇಡ ಎಂದು ಫೋನ್ ಇಟ್ಟಿದ್ದಳು.

ಮ್ಯಾನೇಜರ್ ಅವರನ್ನು ಮೊದಲು ಮುಂದಿನ ಹಾಲಿಗೆ ಕರೆದೊಯ್ದು ಹೊಸ ಮಾಡೆಲ್ ತೋರಿಸಿದ. ಗಾಜಿನ ಗೋಡೆಯ ಹಿಂದೆ, ನೆಲದಲ್ಲಿ ತನ್ನ ನೆರಳು ತಾನೇ ನೋಡಿಕೊಳ್ಳುವಂತೆ ಅದು ನಿಂತಿತ್ತು. ಸರ್ವೇಯರ್ ಒಳಗೆ ಕೂತರು. ಹೊಸ ಪ್ಲಾಸ್ಟಿಕ್ಕಿನ ವಾಸನೆ. ಗುಂಡಿ ಒತ್ತಿದರೆ ಎಂಜಿನ್ ಶುರುವಾಗುತ್ತಿತ್ತು.

“ಇದು ಮಾತಾಡುತ್ತೆ ಸಾರ್,” ಎಂದ ಮ್ಯಾನೇಜರ್ ಹೆಮ್ಮೆಯಿಂದ. “ದಾರಿ ಹೇಳುತ್ತೆ. ಬೆಲ್ಟ್ ಹಾಕಿಲ್ಲ ಅಂದ್ರೆ ನೆನಪು ಮಾಡುತ್ತೆ. ಬೆಳಿಗ್ಗೆ ಕೂತ ತಕ್ಷಣ ಶುಭೋದಯ ಅನ್ನುತ್ತೆ.”

“ನಾವು ಮಾತಾಡಿದ್ರೆ ಕೇಳಿಸಿಕೊಳ್ಳುತ್ತಾ?”

“ಯಾರಿಗೆ ಫೋನ್ ಮಾಡಬೇಕು ಅಂದ್ರೆ ಮಾಡುತ್ತೆ.”

ಸರ್ವೇಯರ್ ತಲೆಯಾಡಿಸಿದರು. ಬೆಳಿಗ್ಗೆ ಎದ್ದು ಮೊದಲ ಮಾತನ್ನು ಯಾರಾದರೂ ಆಡುವುದು ಸಣ್ಣ ಸವಲತ್ತೇನಲ್ಲ ಎಂದು ಅವರಿಗೆ ಅನ್ನಿಸಿತು. ಕೆಲವು ದಿನ ಮಧ್ಯಾಹ್ನ ಅಂಗಡಿಯವನಿಗೆ “ಅರ್ಧ ಕೇಜಿ” ಎನ್ನುವಾಗ ಅವರ ಗಂಟಲು ಕಟ್ಟಿಕೊಂಡಿರುತ್ತಿತ್ತು. ಅದೇ ಆ ದಿನದ ಮೊದಲ ಮಾತು.

ಹಿಂದಕ್ಕೆ ಬಂದು ಮ್ಯಾನೇಜರ್ ಅವರ ಹಳೆಯ ಕಾರನ್ನು ಪರೀಕ್ಷಿಸಿದ. ಬಾನೆಟ್ ಎತ್ತಿದ, ಟೈರಿಗೆ ಒದ್ದ, ಬಾಗಿಲ ಅಂಚಿನ ತುಕ್ಕನ್ನು ಉಗುರಿನಿಂದ ಕೆರೆದ. ಆಮೇಲೆ ಒಳಗೆ ಕೂತು ಅಕ್ಕಪಕ್ಕ ನೋಡಿ ಬೆರಗಾದ.

“ಸಾರ್, ಡ್ರೈವರ್ ಸೀಟು ಗುಳಿ ಬಿದ್ದು ಹೋಗಿದೆ. ಈ ಪಕ್ಕದ ಸೀಟು ಮಾತ್ರ ಕಂಪನಿಯಿಂದ ಈಗ ತಾನೇ ಬಂದಹಾಗಿದೆ. ಒಂದು ಸುಕ್ಕಿಲ್ಲ. ಹೇಗೆ ಇಟ್ಕೊಂಡಿದೀರಿ ಇದನ್ನ?”

“ಯಾರೂ ಕೂತಿಲ್ಲ,” ಎಂದರು ಸರ್ವೇಯರ್.

ಹೆಂಡತಿ ಹೋದ ಮರುವರ್ಷ ಅವರು ಆ ಕಾರು ಕೊಂಡಿದ್ದರು. ಬಸ್ಸಿನಲ್ಲಿ ಇಬ್ಬರ ಸೀಟಿನಲ್ಲಿ ಒಬ್ಬರೇ ಕೂರುವುದು ಆಗುತ್ತಿರಲಿಲ್ಲ. ಆಮೇಲಿನ ಹನ್ನೊಂದು ವರ್ಷ ಪಕ್ಕದ ಸೀಟಿನಲ್ಲಿ ಕೂತದ್ದು ಅವರ ಚೀಲ, ತರಕಾರಿ, ಔಷಧಿಯ ಪೊಟ್ಟಣ, ಒಮ್ಮೆ ರಿಪೇರಿಗೆ ಒಯ್ದ ಗೋಡೆ ಗಡಿಯಾರ.

“ಒಳ್ಳೇದೇ ಆಯ್ತು,” ಎಂದು ಮ್ಯಾನೇಜರ್ ಹಾಳೆಯಲ್ಲಿ ಗುರುತು ಹಾಕಿಕೊಂಡ. “ಇದಕ್ಕೆ ಬೆಲೆ ಸ್ವಲ್ಪ ಜಾಸ್ತಿ ಹಾಕಬಹುದು.”

ಅವನು ಎಕ್ಸ್‌ಚೇಂಜ್ ಫಾರಂ ತುಂಬಿ, ಸಹಿಯ ಜಾಗದಲ್ಲಿ ಒಂದು ಇಂಟು ಮಾರ್ಕು ಹಾಕಿ, ಕೌಂಟರಿನಲ್ಲಿ ಇಟ್ಟಿರುತ್ತೇನೆಂದು ಹೋದ. ಸರ್ವೇಯರ್ ಕಾರನ್ನು ಬೂದು ಕಾರುಗಳ ಸಾಲಿನ ಕೊನೆಯಲ್ಲಿ ನಿಲ್ಲಿಸಿ, ಮೇಸ್ತ್ರಿಯ ಶೆಡ್ಡಿನೊಳಗೆ ಸೀಟುಗಳ ರಾಶಿಯ ಹಿಂದೆ ಸ್ಟೂಲು ಹಾಕಿಕೊಂಡು ಕೂತರು.

ಒಂದು ಗಂಟೆಗೆ ಅಂಗಳ ಖಾಲಿಯಾಯಿತು. ಬಿಸಿಲಿಗೆ ಕಾರುಗಳ ನೆತ್ತಿ ಹೊಳೆಯುತ್ತಿತ್ತು. ಎಲ್ಲೋ ನಲ್ಲಿಯಿಂದ ಬಕೆಟ್ಟಿಗೆ ನೀರು ತೊಟ್ಟಿಕ್ಕುತ್ತಿತ್ತು.

ಒಂದೂ ಇಪ್ಪತ್ತಕ್ಕೆ ಅವರು ಬಂದರು.

ಐವತ್ತೈದರ ಆಸುಪಾಸಿನ, ಗಿಡ್ಡ ಮೈಯ ಹೆಂಗಸು. ಹೆಗಲಲ್ಲಿ ಬಟ್ಟೆಯ ಚೀಲ. ಅವಸರವಿಲ್ಲದೆ, ತಮ್ಮ ಮನೆಯ ಹಿತ್ತಿಲಿಗೆ ಬಂದವರಂತೆ ನಡೆದು ಬಂದರು. ಮೊದಲ ಮೂರು ಬೂದು ಕಾರುಗಳನ್ನು ದಾಟಿ, ನಾಲ್ಕನೆಯದರ ಮುಂದೆ ನಿಂತರು. ಅದು ಸರ್ವೇಯರರ ಕಾರು. ಬಾಗಿಲು ತೆರೆದು ಡ್ರೈವರ್ ಸೀಟಿನಲ್ಲಿ ಕೂತರು. ಸೀಟನ್ನು ಮುಂದಕ್ಕೆ ಎಳೆದುಕೊಂಡರು. ಕನ್ನಡಿ ಸರಿಮಾಡಿಕೊಂಡರು.

ಆಮೇಲೆ ಎರಡೂ ಕೈ ಸ್ಟೀರಿಂಗಿನ ಮೇಲಿಟ್ಟು ಸುಮ್ಮನೆ ಕೂತರು.

ಸರ್ವೇಯರ್ ಕಾದರು. ಒಂದು ನಿಮಿಷ, ಎರಡು ನಿಮಿಷ. ಐದನೆಯ ನಿಮಿಷಕ್ಕೆ ಹೆಂಗಸು ಚೀಲದಿಂದ ಚಿಕ್ಕ ಕತ್ತರಿ ತೆಗೆದರು.

ಸರ್ವೇಯರ್ ಹೋಗಿ ಪಕ್ಕದ ಬಾಗಿಲು ತೆರೆದು ಒಳಗೆ ಕೂತರು. ತಮ್ಮದೇ ಕಾರಿನ ಆ ಸೀಟಿನಲ್ಲಿ ಅವರು ಕೂತದ್ದು ಅದೇ ಮೊದಲು. ಅಲ್ಲಿಂದ ಬಾನೆಟ್ಟು ಬೇರೆಯದೇ ಕಾರಿನದರಂತೆ ಕಾಣುತ್ತಿತ್ತು.

“ಇದರಲ್ಲಿ ಇಲ್ಲಮ್ಮ,” ಎಂದರು. “ಇದು ನನ್ನ ಕಾರು. ಇವತ್ತು ಬೆಳಿಗ್ಗೆ ತಂದು ನಿಲ್ಲಿಸಿದ್ದು.”

ಹೆಂಗಸು ಬೆಚ್ಚಲಿಲ್ಲ, ಚೀರಲಿಲ್ಲ. ಕತ್ತರಿಯನ್ನು ಮಡಿಲಲ್ಲಿಟ್ಟುಕೊಂಡು ಮುಂದಿನ ಗಾಜನ್ನೇ ನೋಡಿದರು. ಕಿವಿಯವರೆಗೂ ಮುಖ ಕೆಂಪಾಯಿತು.

“ಪೊಲೀಸರಾ ನೀವು?”

“ಅಲ್ಲ. ಕಾರು ಓದೋದು ನನ್ನ ಕೆಲಸವಾಗಿತ್ತು. ಈಗ ಅದೂ ಇಲ್ಲ. ನೀವು ಏನು ಕೆಲಸ ಮಾಡ್ತೀರಿ?”

“ಬಟ್ಟೆ ಅಂಗಡೀಲಿ ಆಲ್ಟರೇಷನ್. ಪ್ಯಾಂಟು ಗಿಡ್ಡ ಮಾಡೋದು, ಸೊಂಟ ಬಿಡೋದು.”

“ಅದಕ್ಕೇ ಹೊಲಿಗೆ ಅಷ್ಟು ಚೆನ್ನಾಗಿದೆ. ಬಿಚ್ಚಿದೋರು ಹಾಗೇ ಬಿಟ್ಟು ಹೋಗಬಹುದಿತ್ತಲ್ಲ?”

“ಬೇರೆಯವರ ವಸ್ತು,” ಎಂದರು ಹೆಂಗಸು. “ಹರಿದು ಬಿಟ್ಟು ಹೋಗೋಕೆ ಮನಸ್ಸು ಬರಲಿಲ್ಲ.”

ಕಾರಿನೊಳಗೆ ಕಾವು ಏರುತ್ತಿತ್ತು. ಹೆಂಗಸು ಕಿಟಕಿಯ ಹಿಡಿ ತಿರುಗಿಸಿ ಗಾಜು ಇಳಿಸಿದರು. ಆ ಹಿಡಿ ಮೂರನೆಯ ಸುತ್ತಿನಲ್ಲಿ ಸಿಕ್ಕಿಕೊಳ್ಳುತ್ತದೆ, ಸ್ವಲ್ಪ ಹಿಂದಕ್ಕೆ ತಿರುಗಿಸಿ ಮತ್ತೆ ಇಳಿಸಬೇಕು. ಅವರು ಹಾಗೆಯೇ ಮಾಡಿದರು.

“ನಮ್ಮದರಲ್ಲೂ ಹೀಗೇ ಆಗ್ತಿತ್ತು,” ಎಂದರು.

“ಏನು ಹುಡುಕ್ತಿದೀರಿ?”

“ಗೊತ್ತಿಲ್ಲ.”

“ಗೊತ್ತಿಲ್ಲದೆ ಮೂರು ಸೀಟು ಬಿಚ್ಚಿದ್ರಾ?”

“ಅವರು ಹೇಳಲಿಲ್ಲ. ಹೇಳೋಕೆ ಉಸಿರಿರಲಿಲ್ಲ.” ಹೆಂಗಸು ಕತ್ತರಿಯನ್ನು ಚೀಲಕ್ಕೆ ಹಾಕಿದರು. “ನಮ್ಮ ಯಜಮಾನರು ಕೋರ್ಟಿನ ರೆಕಾರ್ಡ್ ರೂಮಿನಲ್ಲಿ ಗುಮಾಸ್ತರು. ಹೋದ ತಿಂಗಳು ಒಂದನೇ ತಾರೀಕು ಆಸ್ಪತ್ರೆ ಸೇರಿದ್ರು. ಒಂಬತ್ತಕ್ಕೆ ಹೋದ್ರು. ನನ್ನ ಕೈ ಹಿಡ್ಕೊಂಡೇ ಹೋದ್ರು. ಹೋಗೋ ಮುಂಚೆ ಒಂದೇ ಮಾತು. ಕಾರಿನ ಸೀಟಿನಲ್ಲಿದೆ, ನಾನು ಕೂರೋ ಸೀಟಿನಲ್ಲಿ, ಹೊಲಿದಿಟ್ಟಿದೀನಿ, ಬೇರೆಯವರ ಕೈಗೆ ಹೋಗಬಾರದು ಅಂತ.”

“ಆಗ ಕಾರು ಎಲ್ಲಿತ್ತು?”

“ಇಲ್ಲಿ. ಅಷ್ಟರಲ್ಲಿ ಕೊಟ್ಟಾಗಿತ್ತು.” ಅವರ ದನಿ ಸಣ್ಣಗಾಯಿತು. “ನಮ್ಮ ಮೈದುನನದು ಅವಸರ. ಕಾರು ಸುಮ್ಮನೆ ನಿಂತಿದೆ, ಅಣ್ಣ ಹುಷಾರಾಗಿ ಬರೋ ಹೊತ್ತಿಗೆ ಹೊಸ ಮಾಡೆಲ್ ಮನೆ ಮುಂದೆ ನಿಂತಿರಲಿ ಅಂದ. ಆಸ್ಪತ್ರೆ ಕಾಗದಗಳ ಜೊತೆ ಇದಕ್ಕೂ ಅವರ ಸಹಿ ಹಾಕಿಸಿಕೊಂಡ. ನಾನು ಬೇಡ ಅನ್ನಬಹುದಿತ್ತು. ಹೊಸದು ಬಂದ್ರೆ ಅವರಿಗೆ ಖುಷಿ ಆಗುತ್ತೆ ಅಂತ ಸುಮ್ಮನಾದೆ.”

“ನಿಮ್ಮ ಕಾರು ಯಾರು ತಗೊಂಡ್ರು ಅಂತ ಗೊತ್ತಾಯ್ತಾ?”

“ನಂಬರ್ ಹಿಡಿದು ಹುಡುಕಿದೆ. ಒಬ್ಬ ಟ್ಯಾಕ್ಸಿಯೋನ ಹತ್ತಿರ ಇತ್ತು. ಒಳ್ಳೇ ಮನುಷ್ಯ, ನೋಡಿಕೊಳ್ಳಿ ಅಮ್ಮ ಅಂದ. ಕೂತ ತಕ್ಷಣ ಗೊತ್ತಾಯ್ತು, ಆ ಸೀಟು ನಮ್ಮದಲ್ಲ. ಇಲ್ಲಿಗೆ ಬಂದು ಕೇಳಿದೆ. ನಾವು ಸೀಟು ಬದಲಾಯಿಸೋದೇ ಇಲ್ಲ ಅಂತ ಮ್ಯಾನೇಜರ್ ಹೇಳಿದ್ರು. ನಗ್ತಾ ಹೇಳಿದ್ರು. ಇನ್ನೇನು ಮಾಡಲಿ?”

ಸರ್ವೇಯರಿಗೆ ಮ್ಯಾನೇಜರ್ ಸೂರು ನೋಡಿದ್ದು ಕಣ್ಣ ಮುಂದೆ ಬಂತು.

“ಇವತ್ತು ನಾಲ್ಕನೇದು ನೋಡೋಣ ಅಂತ ಬಂದೆ,” ಎಂದರು ಹೆಂಗಸು. ಆಮೇಲೆ, ಕೇಳದಿದ್ದರೂ, “ನಿಜ ಹೇಳಬೇಕಂದ್ರೆ, ಹುಡುಕೋಕೆ ಅಂತಲೇ ಅಲ್ಲ. ಕೂತಿರೋಕೂ ಬರ್ತೀನಿ. ಮುಂದಿನ ಹಾಲಿನಲ್ಲಿ ಸೇಲ್ಸ್‌ನವರು ಕೂರಿಸಿ ಮಾತಾಡಿಸ್ತಾರೆ. ಮೈಲೇಜು, ಬ್ರೇಕು, ಏನಾದ್ರೂ ಇರಲಿ. ಮನೇಲಿ ಅಷ್ಟೂ ಇಲ್ಲ.”

ಸರ್ವೇಯರ್ ಡ್ಯಾಷ್‌ಬೋರ್ಡಿನ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿದರು.

“ನೀವು ಯಾಕೆ ಕೊಡ್ತಿದೀರಿ ಇದನ್ನ?” ಹೆಂಗಸು ಕೇಳಿದರು.

“ಕೊಡ್ತೀನೋ ಇಲ್ವೋ ನನಗೇ ಗೊತ್ತಿಲ್ಲ. ಕೊಡು ಅಂತ ಎಲ್ಲರೂ ಅಂತಾರೆ. ಹೊಸದು ಮಾತಾಡುತ್ತಂತೆ.”

“ನಾನೂ ಕೇಳಿಸ್ಕೊಂಡೆ. ಶುಭೋದಯ ಅನ್ನುತ್ತೆ. ತಿರುಗಿ ನೀನು ಹೇಗಿದೀಯ ಅಂದ್ರೆ ಸುಮ್ಮನಿರುತ್ತೆ. ನಾನು ಕೇಳಿ ನೋಡಿದೀನಿ.”

ಸರ್ವೇಯರ್ ನಕ್ಕರು. ಬಹಳ ದಿನದ ಮೇಲೆ ಬಂದ ನಗು, ಕೆಮ್ಮಾಗಿ ಮುಗಿಯಿತು. ಹೆಂಗಸು ಚೀಲದಿಂದ ನೀರಿನ ಬಾಟಲಿ ತೆಗೆದು ಕೊಟ್ಟರು. ಅವರು ಕುಡಿದರು. ಹೊರಗೆ ನೆರಳು ಕಾರಿನ ಮೂತಿಯಿಂದ ಇತ್ತ ಸರಿದಿತ್ತು. ಊಟ ಮುಗಿಸಿದವರು ಒಬ್ಬೊಬ್ಬರೇ ಬರತೊಡಗಿದ್ದರು. ಯಾರೂ ಇವರತ್ತ ನೋಡಲಿಲ್ಲ. ದೂರದಿಂದ ನೋಡಿದರೆ ಕಾರು ಕೊಳ್ಳಬೇಕೋ ಬೇಡವೋ ಎಂದು ಮಾತಾಡುತ್ತಿರುವ ಗಂಡ ಹೆಂಡತಿಯಂತೆ ಕಾಣುತ್ತಿದ್ದರೇನೋ.

ಆ ಕ್ಷಣದಲ್ಲಿ ಸರ್ವೇಯರ್ ನಿರ್ಧಾರ ಮಾಡಿಬಿಟ್ಟರು. ನಾಲ್ಕು ತಿಂಗಳು ಆಗದಿದ್ದದ್ದು ಹೇಗೆ ಆಯಿತೋ ಅವರಿಗೇ ತಿಳಿಯಲಿಲ್ಲ.

“ನಾನು ಕೊಡಲ್ಲ,” ಎಂದರು. “ಎರಡನೇ ಗೇರು ಸರಿ ಮಾಡಿಸ್ತೀನಿ. ಒಳಗೆ ಹೋಗಿ ಫಾರಂ ವಾಪಸ್ ತಗೋತೀನಿ. ಹಾಗೇ ನಿಮ್ಮ ಕಾರಿನ ಫೈಲೂ ನೋಡ್ತೀನಿ. ನಿಮ್ಮ ಸೀಟು ಯಾವ ಗಾಡಿಗೆ ಹೋಗಿದೆ ಅಂತ ಮೇಸ್ತ್ರಿ ಬಾಯಿ ಬಿಡಿಸೋದು ನನಗೆ ಬಿಡಿ. ಇನ್ನು ಕತ್ತರಿ ತೆಗೀಬೇಡಿ.”

“ಮ್ಯಾನೇಜರಿಗೆ ಹೇಳ್ತೀರಾ?”

“ಅವನು ನಿಮಗೆ ಸುಳ್ಳು ಹೇಳಿದಾನೆ. ಅವನಿಗೆ ಸತ್ಯ ಹೇಳೋಕೆ ನನಗೆ ಅವಸರ ಇಲ್ಲ. ಈ ಕಡೆ ಸೀಟಿನಲ್ಲಿ ಬಂದು ಕೂತ್ಕೊಳ್ಳಿ, ನೆರಳಿದೆ.”

ಹೆಂಗಸು ಇಳಿದು ಸುತ್ತಿ ಬಂದು, ಅವರು ಎದ್ದ ಜಾಗದಲ್ಲಿ ಕೂತು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡರು.

ಕೌಂಟರಿನಲ್ಲಿ ಕೂತವಳು ಚುರುಕಿನ ಹೆಂಗಸು. ಸರ್ವೇಯರ್ ಫಾರಂ ಹಿಂದಕ್ಕೆ ಕೇಳಿದಾಗ ಹುಬ್ಬೇರಿಸಿ ತೆಗೆದುಕೊಟ್ಟಳು. ರೆಕಾರ್ಡ್ ರೂಮಿನ ಗುಮಾಸ್ತರ ಕಾರಿನ ಫೈಲು ಕೇಳಿದಾಗ ಮಾತ್ರ, ಮ್ಯಾನೇಜರ್ ಒಪ್ಪಿದ್ದಾರಾ ಎಂದಳು.

“ಈ ಕೇಸಿಗೆ ನನ್ನನ್ನ ಕರೆಸಿರೋದೇ ಅವನು.”

ಅವಳು ತೆಳ್ಳಗಿನ ಹಳದಿ ಫೈಲೊಂದನ್ನು ತೆಗೆದು ಮುಂದಿಟ್ಟಳು.

ಮೊದಲ ಹಾಳೆ ಎಕ್ಸ್‌ಚೇಂಜ್ ಫಾರಂ. ಹೋದ ತಿಂಗಳು ನಾಲ್ಕನೆಯ ತಾರೀಕು. ಕೆಳಗೆ ಗುಮಾಸ್ತರ ಸಹಿ. ಮಲಗಿಕೊಂಡು ಹಾಕಿದ್ದಿರಬೇಕು, ಗೆರೆ ಸ್ವಲ್ಪ ಇಳಿಜಾರಾಗಿತ್ತು. ಹೆಂಗಸು ಹೇಳಿದ್ದಕ್ಕೆ ಎಲ್ಲವೂ ತಾಳೆಯಾಗುತ್ತಿತ್ತು. ಎರಡನೆಯ ಹಾಳೆ ಕಾರಿನ ಪರೀಕ್ಷಾ ವರದಿ. ಮೂರನೆಯದು ಟ್ಯಾಕ್ಸಿಯವನ ರಸೀದಿ.

ನಾಲ್ಕನೆಯದು ಕೈಬರಹದ ಒಂದು ಅರ್ಜಿ.

‘ನಾನು ತಮ್ಮಲ್ಲಿ ಕೊಟ್ಟ ಕಾರಿನ ಡ್ರೈವರ್ ಸೀಟು ಬದಲಾಗಿರುತ್ತದೆ. ಸದರಿ ಸೀಟು ಈಗ ಯಾವ ವಾಹನದಲ್ಲಿದೆ ಎಂಬುದನ್ನು ದಯವಿಟ್ಟು ತಿಳಿಸಬೇಕು.’

ಕೋರ್ಟು ಕಚೇರಿಯಲ್ಲಿ ಬರೆದು ಬರೆದು ಪಳಗಿದ ಅಕ್ಷರ. ಕೆಳಗೆ ಗುಮಾಸ್ತರ ಸಹಿ. ಸಹಿಯ ಕೆಳಗೆ ತಾರೀಕು.

ಹೋದ ತಿಂಗಳು ಹದಿನೆಂಟು.

ಸರ್ವೇಯರ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಒಂಬತ್ತಕ್ಕೆ ತೀರಿಕೊಂಡವರು ಹದಿನೆಂಟಕ್ಕೆ ಅರ್ಜಿ ಬರೆದಿದ್ದಾರೆ.

ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ವಿಮೆಯ ಹಣಕ್ಕಾಗಿ ಬೇರೆಯವರ ಸಹಿ ಹಾಕಿದ ಕಾಗದಗಳನ್ನು ಅವರು ಸಾವಿರಾರು ನೋಡಿದ್ದರು. ನಕಲು ಸಹಿ ನಿಧಾನವಾಗಿರುತ್ತದೆ, ಅದರ ತಿರುವಿನಲ್ಲಿ ಪೆನ್ನು ಅನುಮಾನದಿಂದ ನಿಂತು ಮುಂದೆ ಹೋಗಿರುತ್ತದೆ. ಇದು ಎಲ್ಲಿಯೂ ನಿಂತಿರಲಿಲ್ಲ. ನಲವತ್ತು ವರ್ಷ ಒಂದೇ ಹೆಸರು ಬರೆದ ಕೈ ಒಂದೇ ಉಸಿರಿಗೆ ಎಳೆದ ಗೆರೆ. ಇಳಿಜಾರು ಮಾತ್ರ ಇರಲಿಲ್ಲ.

“ಇದನ್ನ ತಂದುಕೊಟ್ಟಿದ್ದು ಯಾರು?”

“ಅವರೇ. ಕಾರಿನ ಯಜಮಾನರು. ಇಲ್ಲೇ ನಿಂತು ಬರೆದ್ರು. ಆಗ ಮ್ಯಾನೇಜರ್ ರಜದಲ್ಲಿದ್ರು, ನಾನು ಫೈಲಿಗೆ ಸೇರಿಸಿಟ್ಟೆ.”

“ನೀವು ಅವರನ್ನ ಮೊದಲು ನೋಡಿದ್ರಾ?”

“ಇಲ್ಲ. ಕಾರು ತಂದುಕೊಟ್ಟಿದ್ದು ಅವರ ತಮ್ಮ. ಇವರು ಗುರುತಿನ ಚೀಟಿ ತೋರಿಸಿದ್ರು. ಫೋಟೋ ಅವರದೇ. ಸ್ವಲ್ಪ ಇಳಿದು ಹೋಗಿದ್ರು, ಕಾಯಿಲೆ ಬಿದ್ದು ಎದ್ದೋರ ಥರ.” ಅವಳು ಸರ್ವೇಯರರ ಮುಖ ನೋಡಿ ಗಾಬರಿಯಾದಳು. “ಯಾಕೆ ಸಾರ್? ಇವತ್ತು ಬೆಳಿಗ್ಗೆ ಕೂಡ ಫೋನ್ ಮಾಡಿದ್ರು. ಬೂದು ಕಾರು ಹೊಸದೇನಾದ್ರೂ ಬಂತಾ ಅಂತ ಕೇಳಿದ್ರು. ಒಂದು ಬಂದಿದೆ ಅಂದೆ. ಎರಡೂವರೆಗೆ ಬರ್ತೀನಿ ಅಂದ್ರು.”

ಗೋಡೆಯ ಗಡಿಯಾರದಲ್ಲಿ ಎರಡೂವರೆಗೆ ಎರಡು ನಿಮಿಷವಿತ್ತು.

ಸರ್ವೇಯರ್ ಕಿಟಕಿಗೆ ಹೋದರು. ಅಂಗಳದ ಗೇಟಿನ ಹೊರಗೆ ಟ್ಯಾಕ್ಸಿಯೊಂದು ಬಂದು ನಿಂತಿತು. ಅದರಿಂದ ಒಬ್ಬ ತೆಳ್ಳಗಿನ ಗಂಡಸು ಇಳಿದು, ಬಾಗಿಲನ್ನು ಸದ್ದಾಗದಂತೆ ಮುಚ್ಚಿ, ಬೂದು ಕಾರುಗಳ ಸಾಲಿನ ಕಡೆಗೆ ನಡೆದ. ಮುಖ ಅತ್ತ ತಿರುಗಿತ್ತು.

ಸರ್ವೇಯರರ ಕಾರಿನೊಳಗಿದ್ದ ಹೆಂಗಸು ತಲೆಯೆತ್ತಿ ಅವನನ್ನು ನೋಡಿದರು. ಅವರು ಕೂಗಲಿಲ್ಲ. ಹೆದರಿ ಓಡಲಿಲ್ಲ. ಸತ್ತ ಗಂಡನನ್ನು ಕಂಡವರ ಬೆರಗಿನ ಗೆರೆಯೊಂದೂ ಆ ಮುಖದಲ್ಲಿ ಇರಲಿಲ್ಲ.

ಕೈಗಡಿಯಾರ ಒಮ್ಮೆ ನೋಡಿಕೊಂಡು, ಅವರು ಬಾಗಿ, ಒಳಗಿನಿಂದ ಡ್ರೈವರ್ ಬಾಗಿಲು ತೆರೆದುಕೊಟ್ಟರು.